ಕಡಲು ಒಯ್ದ ಮರಳು ಮರಳಿ ಬರುವುದೇ?

ಪರಶುರಾಮ ಕೊಡಲಿ ಬೀಸಿದಾಗ ಸಮುದ್ರ ಹಿಂದೆ ಸರಿದು ಈ ನೆಲ ಮೇಲೆದ್ದಿತು ಎಂಬುದು ತುಳುನಾಡಿನ ಐತಿಹ್ಯ. ಮಳೆಗಾಲ ಬಂದರೆ ಸಾಕು, ಕರಾವಳಿಯಲ್ಲಿ ಕೇಳಿಬರುವ ಮಾತು ಇದಕ್ಕೆ ತೀರಾ ವಿರುದ್ಧ. ಕಡಲು ಮುಂದೆ ಬರುತ್ತಿದೆ, ತೆಂಗಿನ ಮರಗಳು ಉರುಳುತ್ತಿವೆ! ಮಹಾಲಕ್ಷ್ಮೀ ದೇವಸ್ಥಾನದಿಂದ ಹೆಸರಾದ ಉಚ್ಚಿಲಕ್ಕೂ ನೆರೆಯ ಎರ್ಮಾಳು, ಮೂಳೂರು, ಪಡುಬಿದ್ರಿಗಳಿಗೂ ಈ ಆತಂಕ ಹೊಸತಲ್ಲ.

ಉಚ್ಚಿಲದ ಉತ್ತರಕ್ಕಿರುವ ಕಾಪುವಿನ ದೀಪಸ್ತಂಭ 1901ರಿಂದಲೂ ಅಲೆಗಳ ನಡುವೆ ಅಲುಗದೆ ನಿಂತಿದೆ. ಅದರ ಬುಡದಲ್ಲಿ ಬಂಡೆಯಿದೆ. ಉಚ್ಚಿಲದ ದಂಡೆಯಾದರೋ ಮರಳಿನದು. ಮರಳಿಗೆ ಕಾಯಂ ವಿಳಾಸವಿಲ್ಲ. ನೈಋತ್ಯ ಮಾರುತದ ಕಾಲದಲ್ಲಿ ಒಂದರ ಹಿಂದೆ ಒಂದರಂತೆ ಅಪ್ಪಳಿಸುವ ಭಾರಿ ಅಲೆಗಳು ದಂಡೆಯನ್ನು ಕೊರೆದು ಮರಳನ್ನು ಒಳಕ್ಕೆ ಎಳೆಯುತ್ತವೆ. ಅದು ಸ್ವಲ್ಪ ದೂರದಲ್ಲಿ ನೀರಿನಡಿ ದಿಬ್ಬವಾಗಿ ನಿಲ್ಲುತ್ತದೆ. ಮುಂದಿನ ಅಲೆಗಳು ಆ ದಿಬ್ಬದ ಮೇಲೆಯೇ ಒಡೆದು ಬಲ ಕಳೆದುಕೊಳ್ಳುತ್ತವೆ. ಮಳೆಗಾಲ ಕಳೆದ ಮೇಲೆ ಸೌಮ್ಯ ಅಲೆಗಳು ಅದೇ ಮರಳನ್ನು ಮೆಲ್ಲಗೆ ದಡಕ್ಕೆ ತಂದು ಹಾಕುತ್ತವೆ. ಇದು ಕಡಲಿನ ಹಳೆಯ ಸಾಲದ ಲೆಕ್ಕ.

ಮೊಗವೀರರ ಬದುಕಿಗೆ ಈ ಮರಳ ದಂಡೆಯೇ ಆಧಾರವಾಗಿತ್ತು. ಹತ್ತಾರು ಜನ ಸೇರಿ ದಡದಿಂದಲೇ ರಂಪಣಿ ಬಲೆ ಎಳೆಯಲು ವಿಶಾಲ ದಂಡೆ ಬೇಕಿತ್ತು. 1970ರ ದಶಕದಲ್ಲಿ ಪರ್ಸೀನ್ ದೋಣಿಗಳು ಬಂದವು, ರಂಪಣಿ ಹಿಂದೆ ಬಿತ್ತು, ಮೀನುಗಾರಿಕೆ ಬಂದರುಗಳತ್ತ ಸರಿಯಿತು. ದಂಡೆಯ ಅಂಚಿನಲ್ಲಿ ಉಳಿದದ್ದು ಮನೆ, ತೋಟ, ರಸ್ತೆಗಳು. ಮರಳು ಸರಿಯಬಲ್ಲದು, ಮನೆ ಸರಿಯಲಾರದು.

ಮನೆ ಉಳಿಸಲು ಬಂದದ್ದು ಕಲ್ಲಿನ ತಡೆಗೋಡೆ. ಗೋಡೆ ತನ್ನ ಹಿಂದಿನ ನೆಲವನ್ನು ಕಾಯುತ್ತದೆ, ನಿಜ. ಆದರೆ ಅದಕ್ಕೆ ಬಡಿದು ಹಿಂದಿರುಗುವ ನೀರು ಮುಂದಿನ ಮರಳನ್ನು ತೋಡುತ್ತದೆ. ಕೊನೆಗೆ ಕಲ್ಲುಗಳೇ ಕುಸಿಯುತ್ತವೆ. ಗೋಡೆ ಮುಗಿಯುವ ಜಾಗದಲ್ಲಿ ಕೊರೆತ ಇನ್ನೂ ಜೋರು. ಮರಳು ದಡದುದ್ದಕ್ಕೂ ಹರಿಯುವುದರಿಂದ ಒಂದೆಡೆ ತಡೆದರೆ ಇನ್ನೊಂದೆಡೆ ಕೊರತೆ. ನದಿಗಳು ತರುವ ಮರಳನ್ನು ದಾರಿಯಲ್ಲೇ ಬಗೆದು ಒಯ್ದರೂ ಫಲ ಅದೇ.

ಚಂಡಮಾರುತ ಈ ಲೆಕ್ಕವನ್ನೆಲ್ಲ ತಲೆಕೆಳಗು ಮಾಡುತ್ತದೆ. ವಾಯುಭಾರ ಒಂದು ಮಿಲಿಬಾರ್ ಇಳಿದರೆ ನೀರಿನ ಮಟ್ಟ ಸುಮಾರು ಒಂದು ಸೆಂಟಿಮೀಟರ್ ಏರುತ್ತದೆ. ಗಾಳಿ ನೀರನ್ನು ದಡಕ್ಕೆ ದೂಡುತ್ತದೆ. ಭರತವೂ ಕೂಡಿಬಂದರೆ ಅಲೆ ಅಂಗಳಕ್ಕೆ ನುಗ್ಗುತ್ತದೆ. 2021ರ ಮೇ ತಿಂಗಳ 'ತೌಕ್ತೆ' ನೆಲ ಮುಟ್ಟಿದ್ದು ದೂರದ ಗುಜರಾತಿನಲ್ಲಿ. ಆದರೂ ಅದು ಹಾದುಹೋದ ರಭಸಕ್ಕೆ ಉಡುಪಿಯ ಕಡಲತೀರ ನಲುಗಿತು. ಕಾಪು ಸಮೀಪದ ಬಂಡೆಗಳಲ್ಲಿ ಸಿಲುಕಿದ ಟಗ್ ನೌಕೆಯಿಂದ 9 ಮಂದಿಯನ್ನು ಪಾರುಮಾಡಬೇಕಾಯಿತು.

1991ರ ಕರಾವಳಿ ನಿಯಂತ್ರಣ ವಲಯ ಅಧಿಸೂಚನೆ ಗ್ರಾಮಾಂತರ ತೀರದಲ್ಲಿ ಭರತ ರೇಖೆಯಿಂದ 200 ಮೀಟರ್ ಒಳಗೆ ಹೊಸ ನಿರ್ಮಾಣಕ್ಕೆ ತಡೆಯೊಡ್ಡಿತು. 2019ರ ಅಧಿಸೂಚನೆಯಲ್ಲಿ ಜನಸಾಂದ್ರತೆ ಹೆಚ್ಚಿರುವ ಹಳ್ಳಿಗಳಿಗೆ ಈ ಅಂತರ 50 ಮೀಟರಿಗೆ ಇಳಿಯಿತು. ಜಾಗದ ಅಭಾವವಿರುವ ಕುಟುಂಬಗಳಿಗೆ ಇದು ನೆಮ್ಮದಿಯೇ ಸರಿ. ಆದರೆ ಮರಳು ಹೋಗಿ ಬರಲು ಬೇಕಾದ ಜಾಗ ಅಷ್ಟೇ ಕಿರಿದಾಗುತ್ತದೆ. ಒಯ್ದ ಮರಳನ್ನು ಹಿಂದಿರುಗಿಸಲು ಕಡಲು ಈಗಲೂ ಸಿದ್ಧ. ಅದನ್ನು ಇಳಿಸಲು ದಂಡೆ ಉಳಿದಿರಬೇಕು, ಅಷ್ಟೆ.