ಟ್ರಾಲ್ ಮೀನುಗಾರಿಕೆಯಲ್ಲಿ ಶಬ್ದತರಂಗಗಳ ಬಳಕೆ

ಟ್ರಾಲ್ ಬಲೆಯ ಭಾರವಾದ ಭಾಗಗಳು ಸಮುದ್ರತಳವನ್ನು ಉಜ್ಜದಂತೆ, ತಳದಿಂದ ಅವು ಎಷ್ಟು ಎತ್ತರದಲ್ಲಿವೆ ಎಂಬುದನ್ನು ನೀರೊಳಗಿನ ಶಬ್ದತರಂಗಗಳ ಮೂಲಕ ಅರಿತು ನಿಯಂತ್ರಿಸುವುದು ತಳದ ಹಾನಿಯನ್ನು ತಗ್ಗಿಸುವ ವಿಧಾನಗಳಲ್ಲಿ ಒಂದು.

ತಳದ ಮೇಲಿನ ಪರಿಣಾಮ

ಟ್ರಾಲ್ ಎಂಬುದು ದೋಣಿಯ ಹಿಂದೆ ಎಳೆಯುವ ಚೀಲದಾಕಾರದ ಬಲೆ. ಕರ್ನಾಟಕದಲ್ಲಿ ಮಂಗಳೂರು, ಮಲ್ಪೆ ಮೊದಲಾದ ಬಂದರುಗಳ ಯಾಂತ್ರಿಕ ದೋಣಿಗಳು ಇದನ್ನು ಬಳಸುತ್ತವೆ. ಬಲೆಯ ಬಾಯಿಯನ್ನು ಅಗಲವಾಗಿ ತೆರೆದಿಡುವುದು ಅದರ ಇಕ್ಕೆಲಗಳಲ್ಲಿರುವ ಓಟರ್ ಬೋರ್ಡ್ ಎಂಬ ಹಲಗೆಗಳು. ಇವು ತಳದಲ್ಲಿ ನೇಗಿಲಿನಂತೆ ಸಾಲು ಕೊರೆಯುತ್ತ ಸಾಗುವುದರಿಂದ ಕೆಸರು ಕದಡುತ್ತದೆ. ಹುಳು, ಚಿಪ್ಪುಜೀವಿ, ಏಡಿಗಳು ನಲುಗುತ್ತವೆ. ಇವು ಅನೇಕ ಮೀನುಗಳಿಗೆ ಆಹಾರವಾದ ಕಾರಣ ನಷ್ಟವು ಮೀನುಗಾರರಿಗೂ ತಟ್ಟುತ್ತದೆ. ಜೂನ್ 1ರಿಂದ ಜುಲೈ 31ರವರೆಗಿನ 61 ದಿನಗಳ ನಿಷೇಧವು ಮುಖ್ಯವಾಗಿ ಮೀನಿನ ಸಂತಾನೋತ್ಪತ್ತಿಗೆ ಸಂಬಂಧಿಸಿದ್ದು. ಉಳಿದ ತಿಂಗಳುಗಳಲ್ಲಿ ಹಲಗೆಗಳು ತಳದಲ್ಲಿ ಹೇಗೆ ಚಲಿಸಬೇಕೆಂಬ ಪ್ರಶ್ನೆಯನ್ನು ಅದು ಪರಿಹರಿಸದು.

ಕಾರ್ಯವಿಧಾನ

ರೇಡಿಯೊ ತರಂಗಗಳು ಉಪ್ಪುನೀರಿನಲ್ಲಿ ಬಹುಬೇಗ ಕ್ಷೀಣಿಸುತ್ತವೆ. ಶಬ್ದವಾದರೋ ಸೆಕೆಂಡಿಗೆ ಸುಮಾರು 1,500 ಮೀಟರ್ ವೇಗದಲ್ಲಿ ಬಹುದೂರ ಚಲಿಸುತ್ತದೆ. 30 ಮೀಟರ್ ಆಳದ ತಳಕ್ಕೆ ಹೋದ ಸ್ಪಂದನವು 0.04 ಸೆಕೆಂಡಿನಲ್ಲಿ ಮರಳಿ ಬರುತ್ತದೆ. ಈ ತತ್ತ್ವವನ್ನು ಆಧರಿಸಿದ ಎಕೋ ಸೌಂಡರ್ ಮೀನಿನ ಗುಂಪುಗಳನ್ನು ಹುಡುಕಲು ದೀರ್ಘಕಾಲದಿಂದ ಬಳಕೆಯಲ್ಲಿದೆ. ಆದರೆ ಅದು ತೋರಿಸುವುದು ದೋಣಿಯ ಕೆಳಗಿನ ನೀರನ್ನು ಮಾತ್ರ. ಹಲಗೆಗಳು ನೀರಿನ ಆಳದ ಹಲವು ಪಟ್ಟು ಉದ್ದದ ಉಕ್ಕಿನ ಹಗ್ಗದ ತುದಿಯಲ್ಲಿ, ಬಹಳ ಹಿಂದೆ ಇರುತ್ತವೆ.

ಈ ಕೊರತೆಯನ್ನು ನೀಗಲು ಹಲಗೆಗಳಿಗೇ ಬ್ಯಾಟರಿಚಾಲಿತ ಸಂವೇದಕಗಳನ್ನು ಅಳವಡಿಸಲಾಗುತ್ತದೆ. ಅವು ತಳದಿಂದಿರುವ ಎತ್ತರ, ಪರಸ್ಪರ ಅಂತರ, ವಾಲುವಿಕೆ ಮುಂತಾದವನ್ನು ಅಳೆದು ಶಬ್ದಸಂಕೇತಗಳಾಗಿ ಕಳುಹಿಸುತ್ತವೆ. ದೋಣಿಯ ತಳಭಾಗದ ಹೈಡ್ರೋಫೋನ್ ಅವನ್ನು ಗ್ರಹಿಸುತ್ತದೆ. ಹಲಗೆ ಕೆಳಗಿಳಿದರೆ ಚಾಲಕನು ಹಗ್ಗವನ್ನು ಸ್ವಲ್ಪ ಒಳಗೆಳೆದು ಅಥವಾ ವೇಗವನ್ನು ಹೆಚ್ಚಿಸಿ ಅದನ್ನು ಮೇಲೆತ್ತಬಹುದು. ಅಲೆ, ತಳದ ಏರಿಳಿತ, ದೋಣಿಯ ತಿರುವು ಇವೆಲ್ಲವೂ ಎತ್ತರವನ್ನು ಬದಲಿಸುವುದರಿಂದ, ಅಳತೆಯಿಲ್ಲದೆ ಕೇವಲ ಅನುಭವದಿಂದ ಹಲಗೆಯನ್ನು ತಳಕ್ಕಿಂತ ತುಸುವೇ ಮೇಲೆ ಇರಿಸುವುದು ಕಷ್ಟ.

ಭಾರತದಲ್ಲಿ

ಕೊಚ್ಚಿಯ ಕೇಂದ್ರೀಯ ಮೀನುಗಾರಿಕಾ ತಂತ್ರಜ್ಞಾನ ಸಂಸ್ಥೆಯು ಸಣ್ಣ ಯಾಂತ್ರಿಕ ದೋಣಿಗಳಿಗಾಗಿ, ತಳದಿಂದ ತುಸು ಮೇಲೆ ಎಳೆಯುವ ಟ್ರಾಲ್ ವ್ಯವಸ್ಥೆಯೊಂದನ್ನು ರೂಪಿಸಿದೆ. ತಳದ ಬಲೆಗೆ ಸುಲಭವಾಗಿ ಸಿಗದ, ವೇಗವಾಗಿ ಈಜುವ ಮೀನುಗಳನ್ನೂ ಬೊಂಡಾಸ್‌ನಂತಹ ಜೀವಿಗಳನ್ನೂ ಹಿಡಿಯುವುದು ಇದರ ಗುರಿ.

ಮಿತಿಗಳು

ಶಬ್ದವು ಅಳತೆಯನ್ನಷ್ಟೇ ಒದಗಿಸುತ್ತದೆ, ತಾನಾಗಿ ತಳವನ್ನು ರಕ್ಷಿಸದು. ಹಲಗೆಗಳು ಮೇಲಿದ್ದರೂ ಬಲೆಯ ಕೆಳಅಂಚು ತಳವನ್ನು ಉಜ್ಜುತ್ತಿರಬಹುದು. ಅದನ್ನೂ ಎತ್ತಿದರೆ ಕೆಸರಿಗೆ ಅಂಟಿಕೊಂಡಿರುವ ಸಿಗಡಿ ಮತ್ತು ನಂಗು ಮೀನುಗಳು ಬಲೆಯ ಅಡಿಯಿಂದ ತಪ್ಪಿಸಿಕೊಳ್ಳುತ್ತವೆ. ಸಿಗಡಿಯ ಬೆಲೆಯನ್ನು ನೆಚ್ಚಿಕೊಂಡ ದೋಣಿಗೆ ಇದು ಸಣ್ಣ ನಷ್ಟವಲ್ಲ.