ಪದ ಪರಿಚಯ: ಹೊಣೆ

ಹಳಗನ್ನಡದ 'ಪೊಣೆ'ಯೇ ಇಂದಿನ 'ಹೊಣೆ'. ಪಾಲು ಹಾಲಾದ ಹಾಗೆ. ಆಗಿನ ಅರ್ಥ, ಇನ್ನೊಬ್ಬರ ಸಾಲಕ್ಕೆ ನಾನಿದ್ದೇನೆ ಎಂದು ನಿಲ್ಲುವುದು. ಆ ಜಾಗಕ್ಕೆ ಅರಬ್ಬಿ ಮೂಲದ 'ಜಾಮೀನು' ಬಂದು ಕೂತ ಮೇಲೆ 'ಹೊಣೆ' ಬರಿಯ ಜವಾಬ್ದಾರಿಯಾಗಿ ತೆಳುವಾಯಿತು.

ಲೆಕ್ಕಪತ್ರದಲ್ಲಿ ಮಾತ್ರ ಹಳೆಯ ಅರ್ಥ ಗಟ್ಟಿಯಾಗಿದೆ. ಸೋದರ ಸಂಸ್ಥೆಯ ಸಾಲಕ್ಕೆ ಕಂಪನಿ ಖಾತರಿ ಕೊಟ್ಟರೆ ಅದು 'ಸಂಭಾವ್ಯ ಹೊಣೆ'. ಅದರ ಪೂರ್ತಿ ಮೊತ್ತ ಆಸ್ತಿ-ಹೊಣೆ ಪಟ್ಟಿಯಲ್ಲಿ ಕಾಣದು, ಅಡಿಟಿಪ್ಪಣಿಯಲ್ಲಿ ಅಡಗಿರುತ್ತದೆ. ಬಾಂಡಿನ ಯೋಗ್ಯತೆ ಅಳೆಯುವವರು ಅದನ್ನು ಹೆಕ್ಕಿ ಸಾಲಕ್ಕೆ ಕೂಡಿಸಿಕೊಳ್ಳುತ್ತಾರೆ.

ಕೆಲವೊಮ್ಮೆ ಅಡಿಟಿಪ್ಪಣಿಯೂ ಸಾಲದು. ಚಿಕ್ಕಮಗಳೂರಿನ ಕಾಫಿ ಬೆಳೆಗಾರ ಮನೆತನದ, ಕಾಫಿ ಡೇ ಸ್ಥಾಪಕ ವಿ.ಜಿ. ಸಿದ್ಧಾರ್ಥ 2019ರ ಜುಲೈನಲ್ಲಿ ತೀರಿಕೊಂಡರು. ಅವರದೆನ್ನಲಾದ ಪತ್ರದಲ್ಲಿ ಎಲ್ಲಕ್ಕೂ ತಾವೇ ಹೊಣೆ ಎಂದಿತ್ತು. ಅವರ ಖಾಸಗಿ ಸಂಸ್ಥೆ ಮೈಸೂರು ಅಮಾಲ್ಗಮೇಟೆಡ್ ಕಾಫಿ ಎಸ್ಟೇಟ್ಸ್, ಕಾಫಿ ಡೇ ಅಂಗಸಂಸ್ಥೆಗಳಿಗೆ 3,535 ಕೋಟಿ ರೂಪಾಯಿ ಕೊಡಬೇಕಿದೆ ಎಂದು 2020ರ ತನಿಖಾ ವರದಿ ಹೇಳಿತು. ಹಣ ಕೊಟ್ಟ ಕಂಪನಿಯ ಲೆಕ್ಕದಲ್ಲಿ ಇಂಥದ್ದು ಸಾಲವಲ್ಲ, ಬರಬೇಕಾದ ಹಣ, ಅಂದರೆ ಆಸ್ತಿ! ಪ್ರವರ್ತಕರ ಸ್ವಂತ ಸಾಲವಂತೂ ಕಂಪನಿಯ ಆಸ್ತಿ-ಹೊಣೆ ಪಟ್ಟಿಗೆ ಬರುವುದೇ ಇಲ್ಲ.

ಹಾಗಾಗಿ ಡಿಬೆಂಚರ್ ಕೊಳ್ಳುವವರು, ಪ್ರವರ್ತಕರು ಅಡವಿಟ್ಟ ಷೇರುಗಳ ವಿವರವನ್ನೂ ಸಂಬಂಧಿತ ಪಕ್ಷಗಳ ವ್ಯವಹಾರದ ಪಟ್ಟಿಯನ್ನೂ ಮೊದಲು ತೆರೆದು ನೋಡಲಿ.