ದಿಂಬಿನಡಿಯ ಗಂಟು

2021ರ ಜುಲೈನಲ್ಲಿ ಲಂಡನ್ನಿನ ರೆವಲ್ಯೂಟ್ ಎಂಬ ಹಣಕಾಸಿನ ಆ್ಯಪ್ ತನ್ನ ಗ್ರಾಹಕರಿಗೆ ಉಳಿದುಕೊಳ್ಳುವ ಜಾಗವನ್ನೂ ಕಾಯ್ದಿರಿಸಿಕೊಡಲು ಶುರುಮಾಡಿತು. ಆ ಸೌಲಭ್ಯಕ್ಕೆ ‘ಸ್ಟೇಸ್’ ಎಂದು ಹೆಸರಿಟ್ಟಿತು. 2015ರಲ್ಲಿ ನಿಕೊಲಾಯ್ ಸ್ಟೊರೊನ್‌ಸ್ಕಿ ಮತ್ತು ವ್ಲಾಡ್ ಯಾತ್ಸೆಂಕೊ ಕಟ್ಟಿದ ಈ ಕಂಪನಿ ಮೊದಲು ಹೆಸರು ಮಾಡಿದ್ದು ಪರದೇಶದಲ್ಲಿ ಖರ್ಚು ಮಾಡುವವರಿಗೆ ಬ್ಯಾಂಕುಗಳು ಹಾಕುತ್ತಿದ್ದ ವಿನಿಮಯ ಶುಲ್ಕವನ್ನು ತಪ್ಪಿಸುವ ಕಾರ್ಡಿನಿಂದ. ಆರು ವರ್ಷ ಕಳೆಯುವಷ್ಟರಲ್ಲಿ ಖಾತೆಯ ಬಾಕಿ ತೋರಿಸುವ ಅದೇ ಪರದೆಯ ಮೇಲೆ ನಾಲ್ಕು ರಾತ್ರಿಯ ವಸತಿಯೂ ಬಂದು ಕೂತಿತು. ಅಲ್ಲಿಂದಲೇ ಕಾಯ್ದಿರಿಸಿದವರಿಗೆ ಕೊಟ್ಟ ಹಣದಲ್ಲಿ ಶೇ 10ರವರೆಗೆ ವಾಪಸ್ ಎಂಬ ಆಮಿಷವೂ ಇತ್ತು.

ಹಣದ ಕಂಪನಿಗೆ ಹಾಸಿಗೆಯ ವ್ಯಾಪಾರ ಯಾಕೆ ಎಂದು ಅನಿಸುವುದು ಸಹಜ. ಆದರೆ ಚರಿತ್ರೆ ಓದುವ ನನಗೆ ಇದು ಹೊಸ ವ್ಯಾಪಾರವಾಗಿ ಕಾಣುವುದಿಲ್ಲ. ದಾರಿಹೋಕನ ಗಂಟು ಕಾಯುವವನು ಅವನ ದಿಂಬಿನ ಹತ್ತಿರ ಬಂದು ನಿಲ್ಲುವುದು ಹಳೆಯ ಕಥೆ. ಆ ಕಥೆಯುದ್ದಕ್ಕೂ ಒಂದೇ ಪ್ರಶ್ನೆ ಮತ್ತೆ ಮತ್ತೆ ಎದುರಾಗುತ್ತದೆ: ಹಣ ಕೊಟ್ಟ ಗಳಿಗೆಗೂ ಹಾಸಿಗೆಯಲ್ಲಿ ಮಲಗುವ ಗಳಿಗೆಗೂ ನಡುವೆ ಆ ಹಣ ಯಾರ ಕೈಯಲ್ಲಿ ಇರುತ್ತದೆ?

ಹದಿನೆಂಟನೇ ಶತಮಾನದಲ್ಲಿ ಯುರೋಪ್ ಸುತ್ತಲು ಹೊರಟ ಇಂಗ್ಲಿಷ್ ಶ್ರೀಮಂತರು ತಮ್ಮ ಬ್ಯಾಂಕಿನಿಂದ ಸಾಲಪತ್ರ ಬರೆಸಿಕೊಂಡು ಹೋಗುತ್ತಿದ್ದರು. ಇಂಥ ಊರಿನ ಇಂಥ ಸಾಹುಕಾರ ಈ ಪತ್ರಕ್ಕೆ ಹಣ ಕೊಡಬೇಕು ಎಂದು ಅದರಲ್ಲಿ ಬರೆದಿರುತ್ತಿತ್ತು. ದಾರಿ ಬದಲಿಸಿದರೆ ಪತ್ರ ಕೆಲಸಕ್ಕೆ ಬರುತ್ತಿರಲಿಲ್ಲ. 1772ರಲ್ಲಿ ರಾಬರ್ಟ್ ಹೆರೀಸ್ ಎಂಬ ಸ್ಕಾಟಿಷ್ ಸಾಹುಕಾರ ಇದಕ್ಕೊಂದು ಪರಿಹಾರ ಹುಡುಕಿದ. ಅವನ ಲಂಡನ್ ಕಂಪನಿ ಕೊಡುತ್ತಿದ್ದ ‘ಸರ್ಕ್ಯುಲರ್ ನೋಟು’ ಯುರೋಪಿನ ಸುಮಾರು 90 ಊರುಗಳಲ್ಲಿ ನಡೆಯುತ್ತಿತ್ತು. ಜೊತೆಗೆ ಸಹಿಯಿರುವ ಗುರುತಿನ ಪತ್ರವೊಂದನ್ನು ಬೇರೆಯೇ ಇಟ್ಟುಕೊಳ್ಳಬೇಕು; ಒಂದು ಕಳುವಾದರೂ ಇನ್ನೊಂದಿಲ್ಲದೆ ಕಳ್ಳನಿಗೆ ಕಾಸು ಹುಟ್ಟದು.

ಈ ಏರ್ಪಾಟಿನಲ್ಲಿ ಹೆರೀಸನಿಗೆ ಸಿಗುತ್ತಿದ್ದುದೇನು? ಲಂಡನ್ನಿನಲ್ಲಿ ನೋಟು ಕೊಂಡವನು ಅದನ್ನು ರೋಮಿನಲ್ಲೋ ನೇಪಲ್ಸಿನಲ್ಲೋ ಮುರಿಸುವ ಹೊತ್ತಿಗೆ ತಿಂಗಳುಗಳು ಕಳೆದಿರುತ್ತಿದ್ದವು. ಅಲ್ಲಿಯವರೆಗೂ ಆ ಹಣ ಹೆರೀಸನ ಬಳಿಯೇ ಇದ್ದು ಅವನಿಗಾಗಿ ದುಡಿಯುತ್ತಿತ್ತು. ಇಂದಿಗೂ ಈ ವ್ಯಾಪಾರದ ಬೇರು ಇಲ್ಲೇ ಇದೆ: ಪ್ರಯಾಣಿಕ ಮುಂಚೆ ಕೊಡುತ್ತಾನೆ, ಕಂಪನಿ ತಡವಾಗಿ ಕೊಡುತ್ತದೆ, ನಡುವಿನ ಕಾಲವೇ ಲಾಭ.

ನಮ್ಮ ಕಡೆ ದೂರದ ಊರಿಗೆ ಹಣ ದಾಟಿಸಲು ಹುಂಡಿ ಇತ್ತು, ಯಾತ್ರಿಕನಿಗೆ ತಂಗಲು ಛತ್ರ ಇತ್ತು. ಹುಂಡಿ ಬರೆಯುವ ಸಾಹುಕಾರನೇ ಛತ್ರ ಕಟ್ಟಿಸಿದ್ದೂ ಉಂಟು. ಆದರೆ ಹುಂಡಿ ವ್ಯಾಪಾರ, ಛತ್ರ ಪುಣ್ಯ; ಎರಡರ ಲೆಕ್ಕದ ಪುಸ್ತಕ ಬೇರೆ ಬೇರೆ. ಎರಡನ್ನೂ ಒಂದೇ ಪುಸ್ತಕಕ್ಕೆ ತಂದು ದೊಡ್ಡ ಉದ್ಯಮ ಕಟ್ಟಿದವನು ಇಂಗ್ಲೆಂಡಿನ ಥಾಮಸ್ ಕುಕ್.

ಮದ್ಯಪಾನ ವಿರೋಧಿಯಾಗಿದ್ದ ಕುಕ್ 1841ರ ಜುಲೈ 5ರಂದು ಲೆಸ್ಟರಿನಿಂದ ಲಫ್‌ಬರೋಗೆ ಸುಮಾರು 500 ಜನರನ್ನು ತಲೆಗೊಂದು ಶಿಲ್ಲಿಂಗಿನಂತೆ ರೈಲಿನಲ್ಲಿ ಕರೆದೊಯ್ದ. ನನ್ನ ಪ್ರಶ್ನೆಗೆ ಆ ರೈಲಿಗಿಂತ ಮುಖ್ಯವಾದದ್ದು 1868ರಲ್ಲಿ ಅವನು ತಂದ ಹೋಟೆಲ್ ಕೂಪನ್. ಊರು ಬಿಡುವ ಮುಂಚೆಯೇ ರಾತ್ರಿಯ ಕೋಣೆಗೆ, ಊಟಕ್ಕೆ ಪೌಂಡು ಲೆಕ್ಕದಲ್ಲಿ ಹಣ ಕಟ್ಟಿ ಚೀಟಿ ಪಡೆಯಬಹುದಿತ್ತು. ಸ್ವಿಟ್ಜರ್‌ಲ್ಯಾಂಡಿನ ಹೋಟೆಲಿನವನು ಆ ಚೀಟಿ ಇಸಿದುಕೊಂಡು ಆಮೇಲೆ ಕುಕ್ ಕಂಪನಿಯಿಂದ ಹಣ ವಸೂಲು ಮಾಡಿಕೊಳ್ಳಬೇಕು. ಭಾಷೆ ಬರದ, ದರ ಚೌಕಾಸಿ ಮಾಡಲು ಅಂಜುವ ಮಧ್ಯಮ ವರ್ಗದವರಿಗೆ ಇದು ದೊಡ್ಡ ನೆಮ್ಮದಿ. 1874ರಲ್ಲಿ ಕುಕ್ ತನ್ನದೇ ಸರ್ಕ್ಯುಲರ್ ನೋಟನ್ನೂ ಹೊರಡಿಸಿದ. ಗಂಟು, ದಿಂಬು ಎರಡೂ ಒಂದೇ ಅಂಗಡಿಗೆ ಬಂದವು.

ಅಮೆರಿಕನ್ ಎಕ್ಸ್‌ಪ್ರೆಸ್ ನಡೆದದ್ದು ಎದುರು ದಿಕ್ಕಿನಿಂದ. 1850ರಲ್ಲಿ ಸಾಮಾನು ಸಾಗಿಸಲು ಹುಟ್ಟಿದ ಕಂಪನಿ ಅದು. ಅದರ ಅಧ್ಯಕ್ಷ ಜೆ.ಸಿ. ಫಾರ್ಗೋ 1890ರ ಸುಮಾರಿಗೆ ಯುರೋಪಿಗೆ ಹೋದಾಗ, ದೊಡ್ಡ ನಗರಗಳಿಂದಾಚೆ ಅವನ ಸಾಲಪತ್ರಕ್ಕೂ ಹಣ ಹುಟ್ಟುವುದು ಕಷ್ಟವಾಯಿತು. ಸಿಟ್ಟಿನಿಂದ ಮರಳಿದವನು ಕೆಲಸ ಒಪ್ಪಿಸಿದ್ದು ಮಾರ್ಸೆಲಸ್ ಬೆರ್ರಿ ಎಂಬ ನೌಕರನಿಗೆ. 1891ರಲ್ಲಿ ಬಂದ ಟ್ರಾವೆಲರ್ಸ್ ಚೆಕ್ ಬೆರ್ರಿಯ ಸೃಷ್ಟಿ: ಕೊಳ್ಳುವಾಗ ಒಂದು ಸಹಿ, ಮುರಿಸುವವನ ಎದುರು ಇನ್ನೊಂದು, ಎರಡೂ ಹೊಂದಿದರೆ ಸಾಕು. ಪ್ರವಾಸಿಗರನ್ನು ಕರೆದೊಯ್ಯುವ ವ್ಯಾಪಾರ ಮಾತ್ರ ಫಾರ್ಗೋಗೆ ಒಲ್ಲದ ಮಾತಾಗಿತ್ತು. ಆದರೆ ಚೆಕ್ಕು ಹಿಡಿದವರು ಅವನ ಕಚೇರಿಗಳಿಗೆ ಬಂದೇ ಬರುತ್ತಿದ್ದರು. ಅವನು ಅಧಿಕಾರ ಬಿಟ್ಟದ್ದು 1914ರಲ್ಲಿ. ಮರುವರ್ಷವೇ ಕಂಪನಿ ಪ್ರವಾಸ ವಿಭಾಗ ತೆರೆಯಿತು. ಗಂಟಿನ ಹಿಂದೆ ದಿಂಬು ಬರಲೇಬೇಕಿತ್ತು.

ಈ ಏರ್ಪಾಟು ಮುರಿದು ಬಿದ್ದಾಗ ಯಾರ ಮೇಲೆ ಬೀಳುತ್ತದೆ ಎಂಬುದು 2019ರ ಸೆಪ್ಟೆಂಬರಿನಲ್ಲಿ ಬಯಲಾಯಿತು. ಕುಕ್ ಮನೆತನ 1928ರಲ್ಲೇ ಕಂಪನಿಯನ್ನು ಮಾರಿಬಿಟ್ಟಿತ್ತು. ಹಲವು ಕೈ ಬದಲಿಸಿದ ಬ್ರಿಟನ್ನಿನ ಥಾಮಸ್ ಕುಕ್ ಸಾಲದಲ್ಲಿ ಮುಳುಗಿತ್ತು. (ಭಾರತದ ಥಾಮಸ್ ಕುಕ್ 2012ರಿಂದಲೇ ಕೆನಡಾದ ಫೇರ್‌ಫ್ಯಾಕ್ಸ್ ಒಡೆತನಕ್ಕೆ ಹೋಗಿದ್ದರಿಂದ ಅದು ಉಳಿಯಿತು.) ಟ್ಯುನೀಷಿಯಾದ ಹಮ್ಮಾಮೆತ್‌ನಲ್ಲಿ ಒಂದು ಹೋಟೆಲಿನವರು, ಕಂಪನಿಯಿಂದ ತಮಗೆ ಬರಬೇಕಾದದ್ದು ಬರುವುದಿಲ್ಲವೆಂಬ ಭಯಕ್ಕೆ, ಗೇಟು ಹಾಕಿ ಬ್ರಿಟಿಷ್ ಅತಿಥಿಗಳನ್ನು ಮತ್ತೊಮ್ಮೆ ಹಣ ಕೊಡಿ ಎಂದು ತಡೆದರು. ಸೆಪ್ಟೆಂಬರ್ 23ರ ಬೆಳಗ್ಗೆ ಕಂಪನಿ ಮುಚ್ಚಿತು. ಸುಮಾರು 1,50,000 ಬ್ರಿಟಿಷ್ ಪ್ರವಾಸಿಗರನ್ನು ಅವರ ಸರ್ಕಾರ ವಿಮಾನ ಕಳಿಸಿ ಊರಿಗೆ ತಂದಿತು. ಅವರಿಗಾಗಿ ವಿಮಾ ನಿಧಿಯಿತ್ತು. ಬೇಸಿಗೆಯಿಡೀ ಹಾಸಿಗೆ ಹಾಸಿದ ಹೋಟೆಲಿನವರಿಗೆ ಅಂಥ ಆಸರೆ ಇರಲಿಲ್ಲ. ಬಾಕಿಯ ಪಟ್ಟಿ ಹಿಡಿದು ಅವರು ಸಾಲಗಾರರ ಸಾಲಿನಲ್ಲಿ ನಿಂತರು. ಗೇಟು ಹಾಕಿದ್ದು ತಪ್ಪೇ. ಆದರೆ ಒಳಗಿದ್ದ ಅತಿಥಿ ಹಣ ಕೊಟ್ಟಿದ್ದ, ಹೊರಗಿದ್ದ ಮಾಲೀಕನಿಗೆ ಅದು ತಲುಪಿರಲಿಲ್ಲ. ಇಬ್ಬರೂ ಸುಳ್ಳು ಹೇಳುತ್ತಿರಲಿಲ್ಲ.

ಮನೆಯನ್ನೇ ಕೆಲವು ರಾತ್ರಿಗಳ ಬಾಡಿಗೆಗೆ ಕೊಡುವ ಏರ್ಪಾಟು 2008ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಹುಟ್ಟಿದ ಏರ್‌ಬಿಎನ್‌ಬಿಯಿಂದ ಜಗತ್ತಿಗೆಲ್ಲ ಹರಡಿತು. ಹೊರಗಿನಿಂದ ಅದು ದಿಂಬಿನ ಕಂಪನಿ. ಒಳಗೆ ಗಂಟಿನ ಕಂಪನಿಯೂ ಹೌದು. ಅತಿಥಿ ತಿಂಗಳುಗಳ ಮುಂಚೆ ಹಣ ಕಟ್ಟಿದರೂ ಮನೆಯೊಡೆಯನಿಗೆ ಅದು ಹೊರಡುವುದು ಸಾಮಾನ್ಯವಾಗಿ ಅತಿಥಿ ಬಂದಿಳಿದ ಸುಮಾರು 24 ಗಂಟೆಯ ಮೇಲೆ. ಅಪರಿಚಿತರಿಬ್ಬರ ನಡುವೆ ನಂಬಿಕೆ ಹುಟ್ಟಿಸಲು ಇದು ಒಳ್ಳೆಯ ಉಪಾಯ. ಆದರೆ ಹಣ ಹಿಡಿದಿರುವವನೇ ನ್ಯಾಯಾಧೀಶನೂ ಆಗುತ್ತಾನೆ. 2020ರ ಮಾರ್ಚಿನಲ್ಲಿ ಕೊರೊನಾ ಬಂದಾಗ, ಮನೆಯೊಡೆಯರು ಹಾಕಿದ್ದ ರದ್ದತಿ ನಿಯಮಗಳನ್ನು ಬದಿಗಿಟ್ಟು ಕಂಪನಿ ಅತಿಥಿಗಳಿಗೆ ಪೂರ್ತಿ ಹಣ ಮರಳಿಸಿತು. ಮನೆಯೊಡೆಯರು ಸಿಡಿದೆದ್ದ ಮೇಲೆ ಅವರಿಗೆಂದು 25 ಕೋಟಿ ಡಾಲರ್ ಎತ್ತಿಟ್ಟಿತು. ರದ್ದತಿಯಿಂದ ಅವರಿಗೆ ಬರಬೇಕಿದ್ದುದರಲ್ಲಿ ಕಾಲು ಭಾಗ ಕೊಡುವುದಾಗಿ ಹೇಳಿತು. ರೋಗ ಹರಡುತ್ತಿದ್ದಾಗ ಅತಿಥಿಗೆ ಹಣ ಮರಳಿಸಿದ್ದು ಸರಿ ಎಂದೇ ನನ್ನ ಅಭಿಪ್ರಾಯ. ಆದರೆ ಆ ತೀರ್ಮಾನ ಮಾಡಿದ್ದು ಅತಿಥಿಯೂ ಅಲ್ಲ, ಮನೆಯೊಡೆಯನೂ ಅಲ್ಲ.

ಈ ಹಿನ್ನೆಲೆಯಲ್ಲಿ ನೋಡಿದರೆ ರೆವಲ್ಯೂಟಿನಂಥ ಆ್ಯಪ್ ತರುವ ಹೊಸತು ಎರಡು. ಕುಕ್ ಬಳಿ ಪ್ರವಾಸಕ್ಕೆ ಕಟ್ಟಿದ ಹಣವಷ್ಟೇ ಇರುತ್ತಿತ್ತು; ಇಲ್ಲಿ ಸಂಬಳವೂ ಉಳಿತಾಯವೂ ಅದೇ ಜಾಗದಲ್ಲಿ ಇರಬಹುದು. ಕುಕ್‌ಗೆ ಗಿರಾಕಿಯ ಮುಖ ಗೊತ್ತಿತ್ತು. ಆ್ಯಪಿಗೆ ಅವನು ಯಾವ ಊರಿನಲ್ಲಿ, ಯಾವ ಹೊತ್ತಿನಲ್ಲಿ, ಎಷ್ಟು ಖರ್ಚು ಮಾಡುತ್ತಾನೆ ಎಂಬುದು ಗೊತ್ತು. ಹೆರೀಸನ ಲಾಭ ಕಾಲದಲ್ಲಿತ್ತು, ಕುಕ್‌ನ ಲಾಭ ಕಮಿಷನ್ನಿನಲ್ಲಿತ್ತು. ಇವುಗಳ ಜೊತೆಗೆ ಈಗ ಗಿರಾಕಿಯ ಚಹರೆಯೂ ಸರಕಾಗಿದೆ.

ಹಾಗೆಂದು ದಿಂಬಿನಡಿ ಗಂಟು ಇಟ್ಟು, ಅರ್ಧ ನಿದ್ದೆಯಲ್ಲಿ ರಾತ್ರಿ ಕಳೆಯುವ ಕಾಲ ಮತ್ತೆ ಬರಲಿ ಎಂದು ನಾನು ಹೇಳುವುದಿಲ್ಲ. ಕೂಪನ್ ಇಲ್ಲದಿದ್ದರೆ ಎಷ್ಟೋ ಸಾಧಾರಣ ಜನ ಊರಿನ ಗಡಿಯನ್ನೇ ದಾಟುತ್ತಿರಲಿಲ್ಲ. ಹಮ್ಮಾಮೆತ್‌ನಲ್ಲಿ ಗೇಟಿನೊಳಗೆ ಉಳಿದವರೂ ಅಂಥ ಜನರೇ. ಆ್ಯಪಿನಲ್ಲಿ ಮನೆಯೊಂದನ್ನು ಕಾಯ್ದಿರಿಸುವಾಗ ಫೋಟೋ ನೋಡುತ್ತೇವೆ, ದರ ನೋಡುತ್ತೇವೆ, ವಾಪಸ್ ಬರುವ ಶೇಕಡಾವಾರು ನೋಡುತ್ತೇವೆ. ಮನೆಯೊಡೆಯನ ಕೈಗೆ ಹಣ ಯಾವತ್ತು ಸೇರುತ್ತದೆ, ಅಷ್ಟರಲ್ಲಿ ನಡುವಿನವನು ಬಾಗಿಲು ಹಾಕಿದರೆ ಹೊಣೆ ಯಾರದು ಎಂಬುದು ಸಣ್ಣ ಅಕ್ಷರಗಳಲ್ಲಿ ಕೆಳಗೆಲ್ಲೋ ಇರುತ್ತದೆ. ಮೊದಲು ಓದಬೇಕಾದದ್ದು ಅದನ್ನು.